ಮೂರನೆಯ ನಮೂನೆ

ಸ್ನಾನದ ತೊಟ್ಟಿಯ ತುಂಬ ಪಿಯೋನಿ ಹೂಗಳಿದ್ದುದರಿಂದ ವೆನೆತ ಕಾಲ್ಚೆವ ಆ ಶುಕ್ರವಾರವೂ ಅಡುಗೆಮನೆಯ ನಲ್ಲಿಯಲ್ಲೇ ಮುಖ ತೊಳೆದಳು. ಮೇ ತಿಂಗಳಲ್ಲಿ ಲಿಪಿಯನ್ನೂ ಕಲಿಸುವವರನ್ನೂ ಕೊಂಡಾಡುವ ಅಕ್ಷರಹಬ್ಬಕ್ಕೆ ಮೇಷ್ಟರುಗಳಿಗೆ ಹೂ ಕೊಡುವುದು ಹೊಸದೇನಲ್ಲ. ಇಪ್ಪತ್ತೊಂಬತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳಿಗೆ ವರ್ಷಕ್ಕೆ ಐದಾರು ಗೊಂಚಲು ಬರುತ್ತಿದ್ದವು, ಎರಡು ಹೂದಾನಿಗಳಲ್ಲಿ ಹಿಡಿಸಿ ನಾಲ್ಕು ದಿನಕ್ಕೆ ಉದುರಿಹೋಗುತ್ತಿದ್ದವು. ಈ ವರ್ಷ ಮೆರವಣಿಗೆ ಇರಲಿಲ್ಲ, ವಾದ್ಯ ಇರಲಿಲ್ಲ, ಶಾಲೆ ಮುಗಿಸುವ ಹನ್ನೆರಡನೆಯ ತರಗತಿಯವರು ಬೀದಿಯಲ್ಲಿ ಒಂದರಿಂದ ಹನ್ನೆರಡರವರೆಗೆ ಕೂಗಿ ಎಣಿಸುತ್ತ ಕುಣಿದಿರಲಿಲ್ಲ. ಆದರೂ ನಲವತ್ತಕ್ಕಿಂತ ಹೆಚ್ಚು ಗೊಂಚಲು. ಮುಖಪರಿಚಯವೂ ಇಲ್ಲದವರು ಬೆಲ್ ಒತ್ತದೆ ಬಾಗಿಲ ಮುಂದೆ ಇಟ್ಟು ಹೋಗಿದ್ದರು. ಒಂದರ ದಾರಕ್ಕೆ ಸಿಕ್ಕಿಸಿದ ಚೀಟಿಯಲ್ಲಿ 'ನೀವೊಬ್ಬರಾದರೂ ಕಂಡಿರಿ' ಎಂದಿತ್ತು. ಅದನ್ನು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಸಕ್ಕರೆ ಡಬ್ಬಿಯ ಕೆಳಗೆ ಅಡಗಿಸಿದ್ದಳು. ಆಮೇಲೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಳು.

ಅವಳು ಕಂಡಿದ್ದಾಳೆಂದು ಊರು ನಂಬಿದ್ದು ಹೀಗೆ. ಏಪ್ರಿಲಿನ ಒಂದು ಸೋಮವಾರ, ಮೂರನೆಯ ಪಿರಿಯಡ್ಡಿನಲ್ಲಿ, ಅವಳದೇ ಒಂಬತ್ತನೆಯ ತರಗತಿಯ ಸ್ವೆತ್ಲಿನ್ ಎಂಬ ಹುಡುಗ ಅಜ್ಜನ ಬೇಟೆಬಂದೂಕನ್ನು ಆಟದ ಸಾಮಾನಿನ ಚೀಲದಲ್ಲಿ ತಂದು ಮೂರು ಮಕ್ಕಳನ್ನೂ ಕಸ ಗುಡಿಸುವ ಮಿತ್ಕಳನ್ನೂ ಕೊಂದ. ಎಂಟು ನಿಮಿಷ. ಆಮೇಲೆ ಮೆಟ್ಟಿಲ ಮೇಲೆ ಕೂತ, ಪೊಲೀಸರು ಬಂದು ಎಬ್ಬಿಸಿಕೊಂಡು ಹೋದರು. ಅಂದಿನಿಂದ ಇಂದಿನವರೆಗೆ ಅವನು ಒಂದು ಮಾತನ್ನೂ ಆಡಿಲ್ಲ. ಅವನು ಆಡದ ಮಾತನ್ನು ಉಳಿದವರೆಲ್ಲ ಆಡುತ್ತಿದ್ದರು. ಜರ್ಮನಿಯಲ್ಲಿ ದುಡಿಯುವ ಅಪ್ಪ, ಕಂಪ್ಯೂಟರ್ ಆಟ, ಮುಚ್ಚಿಹೋದ ಬ್ಯಾಟರಿ ಕಾರ್ಖಾನೆ, ಅವನು ಕೇಳುತ್ತಿದ್ದ ಹಾಡು, ಅವನು ತಿನ್ನದೇ ಬಿಟ್ಟ ಮಧ್ಯಾಹ್ನದ ಊಟ. ರಾಜಧಾನಿಯಿಂದ ಬಂದ ಆಯೋಗ ಶಾಲೆಯ ಕಡತ ಕೇಳಿತು. ಕಡತದಲ್ಲಿ ಇದ್ದದ್ದು ಒಂದು ಹಾಳೆ, ಪ್ರತಿ ಅಕ್ಟೋಬರಿನಲ್ಲಿ ತರಗತಿಯ ಮೇಷ್ಟರು ಪ್ರತಿ ವಿದ್ಯಾರ್ಥಿಯ ಬಗ್ಗೆ ಬರೆದಿಡಲೇಬೇಕಾದ ಗುಣವಿವರ. ವಾರದೊಳಗೆ ಅದು ಪತ್ರಿಕೆಯಲ್ಲಿ ಬಂತು, ಆ ಸಂಜೆ ಟೀವಿಯಲ್ಲಿ ದೊಡ್ಡಕ್ಷರಗಳಲ್ಲಿ ಬಂತು. 'ಶಾಂತ ಸ್ವಭಾವ. ಶಿಸ್ತಿದೆ. ಸಹಪಾಠಿಗಳೊಂದಿಗೆ ಹೊಂದಿಕೊಂಡು ಹೋಗುತ್ತಾನೆ. ಒಮ್ಮೊಮ್ಮೆ ತನ್ನೊಳಗೇ ದೂರ ಹೋಗಿಬಿಟ್ಟಂತೆ ಕಾಣುತ್ತಾನೆ, ಗಮನ ಅಗತ್ಯ.' ಕನ್ನಡಕದ ಮನಶ್ಶಾಸ್ತ್ರಜ್ಞನೊಬ್ಬ ಕೊನೆಯ ವಾಕ್ಯವನ್ನು ಎರಡು ಸಲ ಓದಿ, ಇಲ್ಲಿ ಒಬ್ಬ ಶಿಕ್ಷಕಿ ಆರು ತಿಂಗಳ ಹಿಂದೆಯೇ ಬಾಗಿಲು ತಟ್ಟಿದ್ದಾಳೆ, ತೆರೆದವರು ಯಾರೂ ಇಲ್ಲ ಎಂದ. ಟೀವಿಯ ಮುಂದೆ ಕೂತಿದ್ದ ವೆನೆತಳಿಗೆ ಮೊದಲು ಆದದ್ದು ಸಂಕಟವಲ್ಲ, ಒಂದು ತರಹದ ಹಿತ. ಎಷ್ಟು ಹೊತ್ತು? ಮೂರು ಸೆಕೆಂಡು, ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡುಗಳಿಗಾಗಿ ಅವಳು ತನ್ನನ್ನು ಇನ್ನೂ ಮನ್ನಿಸಿರಲಿಲ್ಲ.

ಬೇಕರಿಯ ಮುಂದೆ ಸಾಲಿತ್ತು. ಚೀಸು ತುಂಬಿದ ಬಿಸಿ ಬಾನಿತ್ಸದ ವಾಸನೆ ಬೀದಿಯ ಮೂಲೆಗೇ ಬರುತ್ತಿತ್ತು. ಸಾಲಿನಲ್ಲಿ ಹಳೆಯ ಟ್ರಾಕ್ಟರ್ ಮೆಕ್ಯಾನಿಕ್ ಗೆರ್ಗಿನ್ ಮುದುಕ, ಎಲ್ಲ ಆ ಸುಡುಗಾಡು ಆಟದಿಂದಲೇ ಆದದ್ದು, ದಿನಾ ನೂರು ಜನರನ್ನ ಪರದೆ ಮೇಲೆ ಕೊಂದವನಿಗೆ ನಾಲ್ಕು ಜನ ಯಾವ ಲೆಕ್ಕ ಎನ್ನುತ್ತಿದ್ದ. ಅವನ ಹಿಂದೆ ನಿಂತ ಹೆಂಗಸು, "ನಿನ್ನ ಮೊಮ್ಮಗನೂ ಅದೇ ಆಡ್ತಾನಲ್ಲ ಮಾವ, ಅವನು ಇಲ್ಲೀವರೆಗೆ ಕೊಂದಿರೋದು ನಿನ್ನ ನಿದ್ದೆ ಒಂದನ್ನೇ" ಎಂದಳು. ಇಬ್ಬರು ನಕ್ಕರು, ನಕ್ಕಿದ್ದಕ್ಕೆ ನಾಚಿದರು. ಆಗ ಯಾರೋ ವೆನೆತಳನ್ನು ಕಂಡರು. ಸಾಲು ತಾನಾಗಿ ಬಿರಿಯಿತು. ಗೆರ್ಗಿನ್ ಟೋಪಿ ತೆಗೆದು, ಮುಂದೆ ಹೋಗಿ ಮೇಡಂ, ನಿಮಗೆ ತಡ ಆಗತ್ತೆ ಎಂದ. ತಡವೇನೂ ಇರಲಿಲ್ಲ. ಬೇಡವೆಂದರೆ ಅದೇ ಇನ್ನೊಂದು ದೊಡ್ಡಗುಣವಾಗಿಬಿಡುತ್ತಿತ್ತು. ಬಿರಿದ ಸಾಲಿನ ನಡುವೆ, ಎಲ್ಲರ ಕಣ್ಣು ತನ್ನ ಬೆನ್ನಿನ ಮೇಲೆ ಹೊತ್ತು, ಅವಳು ನಡೆದಳು. ನಿಜ ಗೊತ್ತಾದ ದಿನ ಈ ಸಾಲು ಹೇಗೆ ಮುಚ್ಚಿಕೊಳ್ಳುತ್ತದೆಂದು ಕಣ್ಣಿಗೆ ಕಟ್ಟಿತು. ಕೊಂಡ ಬಾನಿತ್ಸ ಚೀಲದಲ್ಲೇ ಆರಿತು.

ನಿಜ ಗೊತ್ತಿದ್ದದ್ದು ಇಬ್ಬರಿಗೆ, ಅವಳಿಗೆ ಮತ್ತು ಶಾಲೆಯ ಗುಮಾಸ್ತೆ ಪೆನ್ಕಳಿಗೆ. ಹದಿನಾರು ವರ್ಷಗಳ ಹಿಂದೆ, ಇಪ್ಪತ್ತಾರು ಗುಣವಿವರಗಳನ್ನು ಒಂದೇ ವಾರದಲ್ಲಿ ಬರೆಯಬೇಕಾಗಿ ಬಂದು ವೆನೆತ ಸ್ಟಾಫ್‌ರೂಮಿನಲ್ಲಿ ತಲೆ ಹಿಡಿದುಕೊಂಡು ಕೂತಿದ್ದಾಗ ಪೆನ್ಕಳೇ ಬಂದು ಮೂರು ನಮೂನೆಗಳನ್ನು ಕೊಟ್ಟಿದ್ದಳು. ಒಳ್ಳೆಯವರಿಗೆ ಒಂದು, ತಂಟೆಕೋರರಿಗೆ ಒಂದು. ಮೂರನೆಯದು ಯಾರಿಗೆ ಎಂದು ವೆನೆತ ಕೇಳಿದಾಗ, ಗೊತ್ತಿಲ್ಲದವರಿಗೆ ಎಂದಿದ್ದಳು, ಪ್ರತಿ ತರಗತಿಯಲ್ಲಿ ಇರ್ತಾರಲ್ಲ ಮೇಡಂ, ವರ್ಷ ಮುಗಿದರೂ ಮುಖ ಮನಸ್ಸಲ್ಲಿ ಕೂರದವರು, ಹೆಸರು ಬದಲಾಯಿಸಿದರೆ ಆಯಿತು, ಎಲ್ಲರೂ ಹೀಗೇ ಮಾಡೋದು. ಎಲ್ಲರೂ ಹಾಗೇ ಮಾಡುತ್ತಿದ್ದರು, ಒಬ್ಬೊಬ್ಬರದು ಒಂದೊಂದು ನಮೂನೆ. ಯಾರೂ ಓದುತ್ತಿರಲಿಲ್ಲ. 'ಒಮ್ಮೊಮ್ಮೆ ತನ್ನೊಳಗೇ ದೂರ ಹೋಗಿಬಿಟ್ಟಂತೆ' ಎಂಬ ಮಾತನ್ನು ಮೊದಲು ಯಾರು ಬರೆದರೋ, ಅವರಿಗೆ ಯಾವ ಮಗು ಕಣ್ಣ ಮುಂದಿತ್ತೋ. ಆ ಮಗುವಿಗೆ ಈಗ ಮಕ್ಕಳಾಗಿರಬಹುದು. ಮೊದಲ ಪಾಠದಲ್ಲಿ ಪ್ರತಿ ವರ್ಷ ವೆನೆತ ಹೇಳುತ್ತಿದ್ದ ಮಾತೊಂದಿತ್ತು: ಪ್ರಯೋಗಶಾಲೆಯಲ್ಲಿ ಚೀಟಿ ಬಿದ್ದುಹೋದ ಸೀಸೆ ಸಿಕ್ಕರೆ ಒಳಗಿರುವುದು ನೀರೆಂದೇ ತೋರಿದರೂ ಊಹಿಸಿ ಚೀಟಿ ಅಂಟಿಸಬಾರದು. ಕಳೆದ ಅಕ್ಟೋಬರಿನಲ್ಲಿ ಒಂಬತ್ತನೆಯ ತರಗತಿಯ ಇಪ್ಪತ್ತಾರರಲ್ಲಿ ಹನ್ನೊಂದು ಸೀಸೆಗಳಿಗೆ ಅವಳು ಒಂದೇ ಚೀಟಿ ಅಂಟಿಸಿದ್ದಳು. ಹನ್ನೊಂದರಲ್ಲಿ ಒಬ್ಬ ಸ್ವೆತ್ಲಿನ್. ಇನ್ನೊಬ್ಬಳು ಬಿಸೆರ, ಅವನು ಮೊದಲು ಕೊಂದ ಹುಡುಗಿ.

ಮಂಗಳವಾರ ಬಿಸೆರಳ ತಾಯಿ ಝಿವ್ಕ ಫೋನು ಮಾಡಿದ್ದಳು. ಶನಿವಾರ ಮಗಳು ಹೋದ ನಲವತ್ತನೆಯ ದಿನದ ಪ್ರಾರ್ಥನೆ, ಅದರೊಳಗೆ ಒಂದು ಉಪಕಾರ ಆಗಬೇಕು ಎಂದಳು. ಅಷ್ಟು ಹೊತ್ತಿಗೇ ವೆನೆತಳಿಗೆ ಗೊತ್ತಾಗಿತ್ತು.

"ಅವನ ಬಗ್ಗೆ ಅಷ್ಟು ಸರಿಯಾಗಿ ಬರೆದೋರು ನೀವು, ಮೇಡಂ. ನನ್ನ ಮಗಳ ಬಗ್ಗೆ ಏನು ಬರೆದಿದ್ರಿ, ಅದನ್ನ ಓದ್ಬೇಕು ನಾನು."

ಶಾಲೆಯ ಕಟ್ಟಡದಲ್ಲಿ ಈಗ ಪಾಠವಿರಲಿಲ್ಲ, ಮಕ್ಕಳನ್ನು ಊರಿನ ವಾಚನಾಲಯದ ಸಭಾಂಗಣಕ್ಕೆ ಕಳಿಸಿದ್ದರು. ಬೇಕರಿಯಿಂದ ವೆನೆತ ನೇರ ಶಾಲೆಗೆ ಹೋದಾಗ ನೆಲಮಹಡಿಯ ಕಚೇರಿ ಮಾತ್ರ ತೆರೆದಿತ್ತು. ಮೆಟ್ಟಿಲಿಗೆ ಹೊಸ ಬಣ್ಣ ಬಳಿದಿದ್ದರು. ಬಣ್ಣ ಯಾಕೆ ಎಂದು ಯೋಚಿಸದಿರಲು ವೆನೆತ ಗೋಡೆಯ ಕಡೆ ನೋಡುತ್ತ ನಡೆದಳು. ಪೆನ್ಕ ಕಬ್ಬಿಣದ ಕಪಾಟಿನ ಬೀಗದ ಕೈಯನ್ನು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ, ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ ಕೂತಳು. ಆಯೋಗದವರಿಗೆ ಹುಡುಗನ ಹಾಳೆ ಸಾಕಾಗಿದೆ, ಉಳಿದವನ್ನು ಯಾರೂ ಕೇಳಿಲ್ಲ, ಬೇಸಿಗೆಯಲ್ಲಿ ಹಳೆಯ ಕಾಗದಗಳನ್ನೆಲ್ಲ ಸುಡುವ ಪದ್ಧತಿ ಹೇಗೂ ಇದೆ. ಕಳೆದುಹೋಗಿದೆ ಎಂದು ಆ ತಾಯಿಗೆ ಹೇಳಿಬಿಟ್ಟರೆ ಮುಗಿಯಿತು. ಇಲ್ಲವೆಂದರೆ ಹೊಸದೊಂದು ಬರೆದುಕೊಡಿ, ಹಳೆಯ ತಾರೀಖಿನ ಮೊಹರು ನಾನು ಒತ್ತುತ್ತೇನೆ ಎಂದಳು.

"ನಿಮ್ಮನ್ನ ಸಂತರ ಪೀಠದ ಮೇಲೆ ಕೂರಿಸಿದಾರೆ ಮೇಡಂ. ಕೂತ್ಕೊಳ್ಳಿ ಸುಮ್ನೆ. ನೀವು ಎದ್ರೆ ಪೀಠ ನಮ್ಮೆಲ್ಲರ ಮೇಲೆ ಬೀಳತ್ತೆ."

ಹೊಸದು ಆಗಲೇ ಬರೆದಾಗಿತ್ತು. ಅದನ್ನು ವೆನೆತ ಹೇಳಲಿಲ್ಲ. ಹಿಂದಿನ ದಿನ ಸಂಜೆ, ಬಿಸಿಲು ಇನ್ನೂ ಬಾಲ್ಕನಿಯಲ್ಲಿರುವಾಗಲೇ ಕೂತು ಬರೆದಿದ್ದಳು. ಕುತೂಹಲದ ಹುಡುಗಿ, ಪ್ರಶ್ನೆ ಕೇಳುತ್ತಾಳೆ, ಗೆಳತಿಯರ ಕಷ್ಟಕ್ಕೆ ಮೊದಲು ಓಡುತ್ತಾಳೆ, ನಕ್ಕರೆ ತರಗತಿಗೆಲ್ಲ ಬೆಳಕು. ಬರೆಯುತ್ತ ಅವಳ ಕಣ್ಣು ತುಂಬಿತ್ತು. ಓದಿ ನೋಡಿದಾಗ ಗೊತ್ತಾಯಿತು, ಇದು ಲೋಕದ ಯಾವ ಸತ್ತ ಹುಡುಗಿಗಾದರೂ ಹೊಂದುತ್ತದೆ. ಪೆನ್ಕಳ ಮೂರಕ್ಕೆ ಅವಳು ತನ್ನದೊಂದು ನಾಲ್ಕನೆಯದನ್ನು ಸೇರಿಸಿದ್ದಳು, ಅಷ್ಟೇ. ಆದರೂ ಹರಿಯಲಿಲ್ಲ. ಮಡಿಸಿ ಕೈಚೀಲದ ಮುಂದಿನ ಜೇಬಿನಲ್ಲಿಟ್ಟಿದ್ದಳು. ಕೊನೆಗೆ ಪೆನ್ಕ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನನಗೆ ಕಾಫಿ ಮಾಡುವ ಕೆಲಸವಿದೆ ಎಂದು ಎದ್ದುಹೋದಳು. ಹಳೆಯ ಹಾಳೆಯನ್ನು ವೆನೆತ ಹಿಂದಿನ ಜೇಬಿನಲ್ಲಿಟ್ಟಳು. ಎರಡಕ್ಕೂ ತೂಕವೇ ಇರಲಿಲ್ಲ.

ನಾಲ್ಕು ಗಂಟೆಗೆ ಬರುತ್ತೇನೆಂದು ಝಿವ್ಕಳಿಗೆ ಹೇಳಿದ್ದಳು. ಬೇಕೆಂದೇ ಉದ್ದದ ದಾರಿ ಹಿಡಿದಳು, ಲಿಂಡನ್ ಮರಗಳ ಸಾಲಿನ ದಾರಿ. ಪ್ರತಿ ಮರಕ್ಕೂ ಶೋಕಪತ್ರ ಅಂಟಿಸಿದ್ದರು. ಏಪ್ರಿಲಿನದು ಮಳೆಗೆ ಬಿಳಿಚಿತ್ತು, ಅದರ ಮೇಲೆ ನಲವತ್ತನೆಯ ದಿನದ್ದು ಹೊಸದಾಗಿ, ಅಂಟು ಇನ್ನೂ ಒದ್ದೆಯಾಗಿ. ಕಪ್ಪು ಚೌಕಟ್ಟಿನಲ್ಲಿ ಬಿಸೆರಳ ಮುಖ ಮರದಿಂದ ಮರಕ್ಕೆ ಅವಳ ಜೊತೆಗೇ ಬಂತು. ಗುರುತಿನ ಚೀಟಿಗೆ ತೆಗೆದ ಫೋಟೋ ಇರಬೇಕು, ಅದರಲ್ಲಿ ಹುಡುಗಿ ಎಲ್ಲಿಯೂ ನೋಡುತ್ತಿರಲಿಲ್ಲ. ಈ ಮುಖ ಅಲುಗಿದರೆ ಹೇಗಿರುತ್ತಿತ್ತು? ವೆನೆತ ಒಂದು ಮರದ ಮುಂದೆ ನಿಂತು ಪ್ರಯತ್ನಿಸಿದಳು. ವಾರಕ್ಕೆ ಮೂರು ಪಿರಿಯಡ್ಡು, ಎಂಟು ತಿಂಗಳು, ತೊಂಬತ್ತು ಗಂಟೆಯಾದರೂ ಈ ಮುಖ ತನ್ನ ಮುಂದಿತ್ತು. ಆದರೆ ಕಣ್ಣು ಮುಚ್ಚಿದರೆ ಬರುತ್ತಿದ್ದುದು ಫೋಟೋವೇ. ಅಂಟಿಸಿದ ಕಾಗದ ಒಳಗಿನದೆಲ್ಲವನ್ನೂ ಮುಚ್ಚಿಬಿಟ್ಟಿತ್ತು. ತನಗೆ ಮಕ್ಕಳಿಲ್ಲವೆಂದು ಒಮ್ಮೆಯೂ ಅತ್ತಿರದ ವೆನೆತಳಿಗೆ, ತನ್ನದಲ್ಲದ ಈ ಹುಡುಗಿಯ ಒಂದು ಕೆಮ್ಮು, ಒಂದು ತಪ್ಪು ಉತ್ತರ, ಬೇಸರದ ಒಂದು ಆಕಳಿಕೆಯಾದರೂ ಸಿಗಲಿ ಎಂದು ಬಾಯಾರಿದಂತೆ ಆಯಿತು. ಸ್ವೆತ್ಲಿನನದಾದರೂ ಏನಿತ್ತು? ಹಿಂದಿನ ಬೆಂಚು, ಬಗ್ಗಿದ ತಲೆ, ಕತ್ತರಿಸದ ಕೂದಲಿನ ಒಂದು ಸುಳಿ. ಅಷ್ಟನ್ನು ಕಂಡದ್ದೂ ನಿಜವೇ, ಅಥವಾ ಟೀವಿಯವರು ತೋರಿಸಿದ್ದೇ? ಹೆಂಗಸೊಬ್ಬಳು ಹತ್ತಿರ ಬಂದು ಅವಳ ತೋಳು ಸವರಿ ಮುಂದೆ ಹೋದಳು. ಟೀಚರಮ್ಮ ಎಷ್ಟು ನೋಯುತ್ತಿದ್ದಾರೆ ಎಂದು ಆಕೆ ಮನೆಯಲ್ಲಿ ಹೇಳಬಹುದು.

ಝಿವ್ಕಳ ಮನೆ ನಾಲ್ಕನೆಯ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೂ ಮಗಳ ಶೋಕಪತ್ರವಿತ್ತು, ದಿನಕ್ಕೆ ಎಷ್ಟು ಸಲ ಆ ತಾಯಿ ಅದನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಬೇಕೋ ಎನಿಸಿ ವೆನೆತ ಮೆಟ್ಟಿಲು ಹತ್ತಿದಳು. ಝಿವ್ಕ ಇಟಲಿಗೆ ಕೋಟು ಹೊಲಿದುಕೊಡುವ ಕಾರ್ಖಾನೆಯಲ್ಲಿ ಕೆಲಸದವಳು. ನಲವತ್ತು ದಾಟಿರದಿದ್ದರೂ ಬೆನ್ನು ಮಿಷಿನ್ನಿನ ಮೇಲೆ ಬಗ್ಗಿದಂತೆಯೇ ಉಳಿದಿತ್ತು. ಗಂಡ ನಾಳಿನ ಪೂಜೆಯ ಮಾತಾಡಲು ಪಾದ್ರಿಯ ಹತ್ತಿರ ಹೋಗಿದ್ದ. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಗೋಧಿ ಸುರಿದಿದ್ದಳು. ನಾಳೆ ಬೇಯಿಸಿ, ಸಕ್ಕರೆ ಬೆರೆಸಿ, ಗೋರಿಯ ಬಳಿ ಬಂದವರಿಗೆಲ್ಲ ಒಂದೊಂದು ಚಮಚ ಕೊಡಬೇಕು. ಕಲ್ಲೂ ಮುರುಕೂ ಆರಿಸುತ್ತಿದ್ದಳು. ಎದುರಿನ ಕುರ್ಚಿ ತೋರಿಸಿ, ಗೋಧಿಯ ಒಂದು ಪಾಲನ್ನು ಅಂಗೈಯಿಂದ ವೆನೆತಳ ಕಡೆಗೆ ತಳ್ಳಿದಳು. ಸ್ವಲ್ಪ ಹೊತ್ತು ಇಬ್ಬರೂ ಆರಿಸಿದರು. ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಸಿಕ್ಕಿಸಿದ ಕಾಗದದಲ್ಲಿ, ಮುಖ್ಯೋಪಾಧ್ಯಾಯರನ್ನು ವಿಚಾರಣೆಗೊಳಪಡಿಸಿ ಎಂಬ ಅರ್ಜಿಯ ನೆತ್ತಿಯ ಮೇಲೆ, ಅದೇ ವಾಕ್ಯವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಒಮ್ಮೊಮ್ಮೆ ತನ್ನೊಳಗೇ ದೂರ. ವೆನೆತ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡಳು.

ಝಿವ್ಕ ತಾನಾಗಿ ಮಾತಾಡಿದಳು, ಕಾಳಿನ ಮೇಲಿನ ಕಣ್ಣು ತೆಗೆಯದೆ. ಈ ಕೊನೆಯ ವರ್ಷ ಮಗಳು ಮನೆಯಲ್ಲಿ ಮಾತು ಬಿಟ್ಟಿದ್ದಳು. ಜಗಳವೇನಿಲ್ಲ, ವಯಸ್ಸು. ಬಂದರೆ ಕೋಣೆಯ ಬಾಗಿಲು, ಹೋದರೆ ಹೊರಬಾಗಿಲು. ತನಗೆ ಎರಡು ಪಾಳಿ ಕೆಲಸ, ಬಂದಾಗ ಅವಳು ಮಲಗಿರುತ್ತಿದ್ದಳು. ಆ ಸೋಮವಾರ ಬೆಳಿಗ್ಗೆ ಯಾವ ಬಟ್ಟೆ ಹಾಕಿಕೊಂಡು ಹೋದಳೆಂದು ಪೊಲೀಸರು ಕೇಳಿದಾಗ ತಾನು ಹೇಳಿದ್ದು ತಪ್ಪಾಗಿತ್ತು.

"ಹದಿನಾಲ್ಕು ವರ್ಷದವರೆಗೆ ಎಲ್ಲಾ ಇದೆ ನನ್ಹತ್ರ. ಹದಿನೈದನೇದು ಇಲ್ಲ. ಅದು ನಿಮ್ಹತ್ರ ಇದೆ ಮೇಡಂ. ದಿನಾ ನೋಡ್ತಿದ್ದೋರು ನೀವು."

ವೆನೆತಳ ಕೈ ಕೈಚೀಲದೊಳಗೆ ಹೋಯಿತು. ಮುಂದಿನ ಜೇಬಿನ ಕಾಗದ ಬೆರಳಿಗೆ ಸಿಕ್ಕಿತು, ತರಗತಿಗೆಲ್ಲ ಬೆಳಕು ಎಂಬ ಕಾಗದ. ಅದನ್ನು ಕೊಟ್ಟರೆ ಈ ಹೆಂಗಸು ಅಳುತ್ತಾಳೆ, ಎದೆಗೆ ಒತ್ತಿಕೊಳ್ಳುತ್ತಾಳೆ, ನಾಳೆ ಗೋರಿಯ ಬಳಿ ಎಲ್ಲರ ಮುಂದೆ ಓದಿಸುತ್ತಾಳೆ. ಹದಿನೈದನೆಯ ವರ್ಷವೊಂದು ಅವಳಿಗೆ ಸಿಗುತ್ತದೆ, ಯಾರದೋ ಒಂದು. ಜೀವಮಾನವೆಲ್ಲ ಅವಳು ಅದನ್ನು ಮಗಳೆಂದು ತಡವುತ್ತಾಳೆ. ಅದರಿಂದ ಯಾರಿಗೆ ನಷ್ಟ? ಯಾರಿಗೂ ಇಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ ಆ ಹುಡುಗಿಯೊಬ್ಬಳಿಗೇ. ವೆನೆತಳ ಬೆರಳು ಹಿಂದಿನ ಜೇಬಿಗೆ ಸರಿಯಿತು. ಹಾಳೆಯನ್ನು ಗೋಧಿಯ ಮೇಲೆ ಬೀಳದಂತೆ ಮೇಜಿನ ಅಂಚಿನಲ್ಲಿಟ್ಟಳು.

ಝಿವ್ಕ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಎತ್ತಿಕೊಂಡಳು. ಮೊದಲ ಸಾಲಿನಲ್ಲಿ ಮಗಳ ಹೆಸರಿತ್ತು, ಅಲ್ಲಿ ಸ್ವಲ್ಪ ತಡೆದಳು. ಆಮೇಲೆ ತುಟಿ ಅಲುಗಿತು. ಶಾಂತ ಸ್ವಭಾವ, ಶಿಸ್ತಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತುಟಿ ಕಣ್ಣಿಗಿಂತ ಮುಂದೆ ಹೋಗುತ್ತಿರುವುದನ್ನು ವೆನೆತ ಕಂಡಳು. ಊರಿಗೆಲ್ಲ ಬಾಯಿಪಾಠವಾಗಿದ್ದ ವಾಕ್ಯ. ಕೊನೆಗೆ ತುಟಿ ನಿಂತಿತು. ಝಿವ್ಕ ತಲೆ ಎತ್ತಿ ಫ್ರಿಜ್ಜಿನ ಬಾಗಿಲು ನೋಡಿದಳು, ಮತ್ತೆ ಹಾಳೆ ನೋಡಿದಳು. ಪ್ರಯೋಗದ ಎರಡು ನಳಿಕೆಗಳನ್ನು ಪಕ್ಕಪಕ್ಕ ಹಿಡಿದು ಬಣ್ಣದ ವ್ಯತ್ಯಾಸ ಹುಡುಕುವ ಮಕ್ಕಳ ಮುಖ ಹೀಗೇ ಇರುತ್ತದೆ.

"ಹನ್ನೊಂದು ಮಕ್ಕಳಿಗೆ ಇದೇ ಬರೆದಿದೀನಿ," ಎಂದಳು ವೆನೆತ. "ನನಗೆ ಗೊತ್ತಿಲ್ಲದೋರಿಗೆ ಬರೆಯೋದು ಇದು. ಅವನಲ್ಲಿ ನಾನೇನೂ ಕಂಡಿರ್ಲಿಲ್ಲ. ಇವಳಲ್ಲೂ ಇಲ್ಲ."

ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಕೂಗಾಡಿದ್ದರೆ ಸಲೀಸಾಗುತ್ತಿತ್ತು. ಝಿವ್ಕ ಎದ್ದು ಆಯಸ್ಕಾಂತ ಕಿತ್ತು, ಅರ್ಜಿಯ ಕಾಗದ ತೆಗೆದು, ನಾಲ್ಕಾಗಿ ಮಡಿಸಿ ಡ್ರಾಯರಿನೊಳಗೆ ಚಮಚಗಳ ಮೇಲಿಟ್ಟಳು. ಮುಖ್ಯೋಪಾಧ್ಯಾಯನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಆ ಡ್ರಾಯರನ್ನು ಹಿಡಿದೇ ನಿಂತಳು. ಹೊರಗೆ ಯಾರೋ ಕಾರ್ಪೆಟ್ ಬಡಿಯುತ್ತಿದ್ದರು. ಆಮೇಲೆ ಬಂದು ಕೂತಳು.

"ನಾಳೆ ನೀವು ಬರಬೇಡಿ."

ಆಗಲಿ ಎಂದು ವೆನೆತ ಎದ್ದಳು. ಝಿವ್ಕ ಅವಳ ಮುಂದಿನ ಗೋಧಿಯ ಕಡೆ ಗದ್ದ ಆಡಿಸಿದಳು. ಅದನ್ನ ಮುಗಿಸಿ ಹೋಗಿ, ಅರ್ಧಕ್ಕೆ ಬಿಡಬಾರದು ಎಂದಳು. ವೆನೆತ ಮತ್ತೆ ಕೂತಳು. ಕಣ್ಣು ಮಂಜಾಗಿ ಒಳ್ಳೆಯ ಕಾಳನ್ನೂ ಕಲ್ಲಿನ ಜೊತೆ ಹಾಕುತ್ತಿದ್ದಳು, ಝಿವ್ಕ ಒಂದೊಂದನ್ನೇ ತೆಗೆದು ಹಿಂದಕ್ಕೆ ಹಾಕುತ್ತಿದ್ದಳು. ಆರಿಸುತ್ತಲೇ ಝಿವ್ಕ ಕೇಳತೊಡಗಿದಳು, ಪೊಲೀಸರು ತನ್ನನ್ನು ಕೇಳಿದ ಹಾಗೆ, ಚಿಕ್ಕಚಿಕ್ಕದಾಗಿ. ಎಲ್ಲಿ ಕೂರುತ್ತಿದ್ದಳು? ಕಿಟಕಿಯ ಸಾಲು, ಮೂರನೆಯ ಬೆಂಚು. ಪಕ್ಕದಲ್ಲಿ ಯಾರು? ಮೊದಲು ವಿಲಿಯಾನ, ಚಳಿಗಾಲದ ರಜೆಯ ಮೇಲೆ ಯಾರೂ ಇಲ್ಲ. ಯಾಕೆ? ಗೊತ್ತಿಲ್ಲ. ಬಿಡುವಿನಲ್ಲಿ ಏನು ತಿನ್ನುತ್ತಿದ್ದಳು? ಗೊತ್ತಿಲ್ಲ. ನಗುತ್ತಿದ್ದಳಾ? ವೆನೆತ ಗೊತ್ತಿಲ್ಲ ಎಂದಳು. ಪ್ರತಿ ಸಲವೂ ಆ ಮಾತು ಹೇಳುವುದು ಮೊದಲಿಗಿಂತ ಕಷ್ಟವಾಗುತ್ತಿತ್ತು. ಪ್ರತಿ ಸಲವೂ ಝಿವ್ಕ ತಲೆದೂಗಿ ಮುಂದಿನದಕ್ಕೆ ಹೋಗುತ್ತಿದ್ದಳು, ಗೊತ್ತಿಲ್ಲ ಎಂಬುದನ್ನೂ ಎಲ್ಲೋ ಜೋಪಾನವಾಗಿ ಇಟ್ಟುಕೊಳ್ಳುತ್ತಿರುವವಳಂತೆ.

ಪ್ರಶ್ನೆಗಳು ಮುಗಿದವು. ಕಾಳು ಇನ್ನೊಂದು ಹಿಡಿಯಷ್ಟಿತ್ತು. ಆಗ, ಯಾರೂ ಕೇಳದೇ, ಹುಡುಕದೇ ಇದ್ದಾಗ, ವೆನೆತಳ ಕತ್ತು ತನ್ನಷ್ಟಕ್ಕೆ ಸ್ವಲ್ಪ ಮೇಲೆದ್ದಿತು. ಯಾವುದೋ ಹಳೆಯ ಅಭ್ಯಾಸಕ್ಕೆ ಎದ್ದಂತೆ.

"ಹಾಜರಿ ಕೂಗುವಾಗ ಎಲ್ಲರೂ ಬಾಯಲ್ಲಿ ಹೇಳೋರು," ಎಂದಳು. "ನಾನು ಪಟ್ಟಿ ನೋಡ್ಕೊಂಡೇ ಗುರುತು ಹಾಕ್ತಾ ಹೋಗ್ತಿದ್ದೆ, ತಲೆ ಎತ್ತುತಾನೇ ಇರ್ಲಿಲ್ಲ. ಇವಳು ಮಾತ್ರ ಬಾಯಿ ಬಿಡ್ತಿರ್ಲಿಲ್ಲ. ಪೆನ್ನು ಎತ್ತೋಳು. ಬರೀ ಪೆನ್ನು, ಇಷ್ಟೆತ್ತರ. ಅದಕ್ಕೇ ಅವಳ ಹೆಸರಿಗೆ ನಾನು ತಲೆ ಎತ್ತಿ ನೋಡ್ಲೇಬೇಕಾಗ್ತಿತ್ತು. ಪ್ರತಿ ಸಲ ಅವಳೊಬ್ಬಳನ್ನ. ನನಗೆ ರೇಗ್ತಿತ್ತು. ಈಗಲೂ ಆ ಹೆಸರಿನ ಜಾಗ ಬಂದ್ರೆ ತಲೆ ಎತ್ತುತೀನಿ."

ಝಿವ್ಕಳ ಬೆರಳು ನಿಂತಿತು. ಅವಳು ವೆನೆತಳ ಮುಖವನ್ನೇ ನೋಡಿದಳು, ನಂಬಲೋ ಬೇಡವೋ ಎಂದು ತೂಗುವವಳಂತೆ.

"ಯಾವ ಕೈಲಿ?"

ವೆನೆತ ಕಣ್ಣು ಮುಚ್ಚಲಿಲ್ಲ. ಎದುರಿನ ಗೋಡೆಯ ಕಡೆ, ಕಿಟಕಿಯ ಸಾಲಿನ ಮೂರನೆಯ ಬೆಂಚಿನಷ್ಟು ದೂರಕ್ಕೆ ನೋಡಿದಳು. ಕಿಟಕಿಯ ಬೆಳಕು ಬೀಳುತ್ತಿದ್ದ ಕಡೆ ನೀಲಿ ಪೆನ್ನೊಂದು ಮೆಲ್ಲಗೆ ಮೇಲೆದ್ದಿತು, ಅಂಗಿಯ ತೋಳಿನ ಅಂಚು ಮಣಿಕಟ್ಟಿನಿಂದ ಜಾರಿತು, ಸೋಮಾರಿತನದಿಂದ, ಇಲ್ಲೇ ಇದೀನಲ್ಲ ನೋಡು ಎನ್ನುವಂತೆ.

"ಎಡಗೈಲಿ."

"ಹೌದು," ಎಂದಳು ಝಿವ್ಕ. "ಎಡಗೈಯೇ."